ಶಂಕರಲಿಂಗನ ಗೋಡೆ

ಶಂಕರಲಿಂಗನದು ಕೂತಲ್ಲಿ ಕೂರುವ ಜನ್ಮವೇ ಅಲ್ಲ. ಈ ಬೇಸಿಗೆಯಂತೂ ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಆಡಿದ. ಬೆಳಗಾದರೆ ಬಾಗಲಕೋಟೆಯ ಹಿನ್ನೀರಿನ ದಂಡೆಗೆ ಓಡುವುದು, ನೀರಂಚಿಗೆ ಜಾಲಿಯ ಕಡ್ಡಿ ನೆಡುವುದು, ನಿನ್ನೆಯ ಕಡ್ಡಿಯಿಂದ ನೀರು ಎಷ್ಟು ಹೆಜ್ಜೆ ಹಿಂದೆ ಸರಿದಿದೆ ಎಂದು ಅಳೆದು ಗೊಣಗುವುದು. ಏಪ್ರಿಲ್ ಕೊನೆಯ ಭಾನುವಾರ ಅವನು ಕಲಿಸುತ್ತಿದ್ದ ಮಕ್ಕಳ ಹಾಯಿದೋಣಿ ರೇಸು. ಅಷ್ಟರೊಳಗೆ ನೀರು ಕೈಕೊಟ್ಟರೆ ಮಕ್ಕಳ ಬೇಸಿಗೆಯೆಲ್ಲ ಮಣ್ಣುಪಾಲು.

ಕಾರವಾರದಲ್ಲಿ ಇಪ್ಪತ್ತು ವರ್ಷ ಹಾಯಿದೋಣಿ ರಿಪೇರಿ ಮಾಡಿ ಹೋದ ದೀಪಾವಳಿಗೆ ಊರಿಗೆ ಮರಳಿದವನು, ನಾಲ್ಕು ಹಳೆಯ ಪುಟ್ಟ ದೋಣಿಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದಿದ್ದ. "ಐವತ್ತರಾಗ ಆಟ ಹಚ್ಯಾನ ನೋಡ್ರಿ" ಎಂದು ಮುಳುಗಡೆಯಾದವರ ನವನಗರ ನಕ್ಕಿತು. ನಗಲಿ ಬಿಡಿ. ಆರು ಮಕ್ಕಳು ಗಾಳಿ ಹಿಡಿಯುವುದನ್ನು ಕಲಿತರು, ದೋಣಿ ಮಗುಚಿದರೆ ಕಿಲಕಿಲ ನಗುತ್ತ ಮತ್ತೆ ಹತ್ತುವುದನ್ನು ಕಲಿತರು. ಚಪ್ಪಲಿಯನ್ನು ದಂಡೆಯಲ್ಲೇ ಬಿಡಬೇಕೆಂಬುದು ಅವನ ಕಟ್ಟುನಿಟ್ಟಿನ ಮಾತು. ಎಲ್ಲರಿಗಿಂತ ಚುರುಕು ಹದಿಮೂರರ ಮುಬಶೀರಾ. ರೇಸಿನಲ್ಲಿ ಮೊದಲು ಬಂದವರಿಗೆ ಕಾರವಾರದ ತರಬೇತಿ ಶಿಬಿರ. ಅವಳಿಗೆ ಅದು ಬೇಕಿತ್ತು. ಅವನಿಗೆ ಅವಳಿಗಿಂತ ಒಂದು ಕೈ ಹೆಚ್ಚೇ ಬೇಕಿತ್ತು.

ಅವನು ಹೇಳಿಕೊಟ್ಟದ್ದೆಲ್ಲ ನಿಜ, ಒಂದನ್ನು ಬಿಟ್ಟು. ನೀರಿನಿಂದ ತಲೆ ಎತ್ತಿದ ಒಣ ಬೇವಿನ ಬೊಡ್ಡೆಯ ಪಕ್ಕ ಕೈ ತೋರಿಸಿ, "ಅಲ್ಲಿ ನೀರಾಗ ಹಳೇ ಊರಿನ ಗ್ವಾಡಿ ಐತಿ. ಬಡದ್ರ ದೋಣಿ ಎರಡ ಹೋಳ. ಸುತ್ತ ಹಾಕಿ ಹೋಗ್ರಿ" ಎಂದಿದ್ದ. ಅಲ್ಲಿ ಗೋಡೆ ಇರಲಿಲ್ಲ. ಊರು ಮುಳುಗುವ ಮೊದಲು ತನ್ನ ಮನೆಯನ್ನು ತಾನೇ ಕೆಡವಿ, ತೊಲೆ ಬಾಗಿಲು ಕಿತ್ತು ನವನಗರಕ್ಕೆ ಸಾಗಿಸಿದವನಿಗೆ ಅದು ಗೊತ್ತಿರದೆ ಏನು? ಅಲ್ಲಿ ಉಳಿದದ್ದು ಅವ್ವನ ದೇವರ ಜಗಲಿ ಇದ್ದ ನೆಲ ಮಾತ್ರ. ಅದರ ಮೇಲೆ ದೋಣಿ ಹಾಯುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ.

ಭಾನುವಾರ ರೇಸಿಗೆ ಬಂದ ಹೊರಗಿನ ತಂಡಕ್ಕೆ ಈ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ರೇಸು ಎರಡು ಸುತ್ತಿನದು. ಮೊದಲ ಸುತ್ತಿನಲ್ಲಿ ಮುಂದಿದ್ದ ಮುಬಶೀರಾ ಬೊಡ್ಡೆಯ ಹತ್ತಿರ ಬಳಸಿ ಹೊರಟಳು. ಅವಳ ಹಿಂದಿದ್ದ ಹೊರಗಿನ ಹುಡುಗ ನೆಟ್ಟಗೆ ನುಗ್ಗಿದ.

"ಸರ್, ಅವನ್ನ ಕೂಗ್ರಿ! ಗ್ವಾಡಿಗೆ ಬಡೀತಾನ!" ಅವಳು ರೇಸು ಮರೆತು ಚೀರಿದಳು.

ಹುಡುಗ ಸರಾಗವಾಗಿ ದಾಟಿ ಮುಂದಾದ. ಕಾವಲು ದೋಣಿಯಲ್ಲಿದ್ದ ಶಂಕರಲಿಂಗನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಎದುರಾಳಿಗಾಗಿ ಹೆದರುವ ಇಂಥ ಹುಡುಗಿಗೆ ತಾನು ಮೋಸ ಮಾಡಿದೆನಲ್ಲ ಎನಿಸಿತು. ಎರಡನೆಯ ಸುತ್ತಿನಲ್ಲೂ ಅವಳು ತನ್ನ ಕಣ್ಣಿಗಿಂತ ಸರ್ ಮಾತನ್ನೇ ನಂಬಿ ಬಳಸಲು ಹೊರಟಾಗ ಅವನು ತಡೆಯಲಾರದೆ ಎದ್ದು ನಿಂತ.

"ಗ್ವಾಡಿ ಇಲ್ಲವ್ವಾ! ನೆಟ್ಟಗ ಹೋಗು!"

ಅವಳು ಗಕ್ಕನೆ ತಿರುಗಿಸಿದಳು, ಆ ನೆಲದ ಮೇಲೆಯೇ ಹಾಯ್ದಳು. ಆದರೆ ಹೊತ್ತು ಮೀರಿತ್ತು. ಒಂದೇ ಒಂದು ದೋಣಿಯುದ್ದದ ಅಂತರದಲ್ಲಿ ಸೋತಳು.

ದಂಡೆಗೆ ಬಂದವಳ ಕಣ್ಣು ಕೆಂಪಾಗಿತ್ತು. "ಗ್ವಾಡಿ ಇಲ್ಲಂದ್ರ ಅಲ್ಲೇನೈತ್ರಿ ಸರ್?"

"ನಮ್ಮನಿ. ನಮ್ಮವ್ವನ ದೇವರ ಜಗಲಿ. ಚಪ್ಪಲಿ ಕಾಲಾಗ ಯಾರೂ ಹೋಗ್ತಿದ್ದಿಲ್ಲ ಅಲ್ಲಿ. ನಂದ ತಪ್ಪಾತವ್ವಾ."

ಅವಳು ಬೊಡ್ಡೆಯ ಕಡೆ ಒಮ್ಮೆ ತಿರುಗಿ ನೋಡಿದಳು.

"ಮೊದಲ ಹೇಳಬಾರದೇನ್ರಿ ಸರ್?" ಎಂದಳು. "ದೋಣ್ಯಾಗ ನಾವೆಲ್ಲ ಬರಿಗಾಲಾಗ ಇರ್ತೀವಲ್ರಿ."