ಹೆಜ್ರೋನ್ ಓಯುಗಿ ಮತ್ತೆ ಮೈಕು ಹಿಡಿದ ಭಾನುವಾರ

ಹೆಜ್ರೋನ್ ಓಯುಗಿಯವರ ಅಜ್ಜ ಓಗುಟು. ದೊಡ್ಡ ಸರೋವರದ ದಂಡೆಯವನು, ಮೀನುಗಾರ. ಮಂಜು ಕವಿದು ದೋಣಿಗಳಿಗೆ ದಡ ಕಾಣದಂತಾದಾಗ ಬಂಡೆಯ ಮೇಲೆ ನಿಂತು ಒಬ್ಬೊಬ್ಬ ಅಂಬಿಗನನ್ನೂ ಹೆಸರು ಹಿಡಿದು ಕೂಗುತ್ತಿದ್ದ. ಅವನ ದನಿಯ ಜಾಡು ಹಿಡಿದೇ ಅವರು ಮನೆ ಸೇರುತ್ತಿದ್ದರು. ಒಮ್ಮೆ ಬಿರುಗಾಳಿಯಲ್ಲಿ ಊರಿನ ದೋಣಿಗಳಷ್ಟನ್ನೂ ಹಾಗೆ ಕೂಗಿ ಕರೆತಂದು, ಆಮೇಲೆ ವಾರವಿಡೀ ದನಿ ಹೊರಡದೆ ಹೆಂಡತಿಯೊಡನೆ ಕೈಸನ್ನೆಯಲ್ಲೇ ಜಗಳವಾಡಿದನಂತೆ. ಓಗುಟುವಿನ ಮಗ ಓಯುಗಿ ನೈರೋಬಿಗೆ ಬಂದು ರೈಲ್ವೆ ಸ್ಟೇಷನ್ನಿನಲ್ಲಿ ಹಮಾಲಿಯಾದ. ಯಾವ ರೈಲು ಬಂತು, ಯಾವುದು ಎಲ್ಲಿಗೆ ಹೊರಟಿತು ಎಂದು ಕೂಗಿ ಹೇಳಬೇಕಾದಾಗ ಬಿಳಿಯ ಸ್ಟೇಷನ್ ಮಾಸ್ತರನೇ ಅವನನ್ನು ಮುಂದಕ್ಕೆ ತಳ್ಳುತ್ತಿದ್ದ. ಓಯುಗಿಯ ಹೆಂಡತಿ ಅಕೆಲೊ ಗಿಕೊಂಬಾ ಸಂತೆಯಲ್ಲಿ ಒಣಮೀನು ಮಾರಿ ನಾಲ್ಕು ಮಕ್ಕಳನ್ನು ಸಾಕಿದಳು. ಅವಳು ಚೌಕಾಸಿಗೆ ಬಾಯಿ ತೆರೆದರೆ ಪಕ್ಕದ ಓಣಿಯವರು ತಮ್ಮ ಚೌಕಾಸಿ ನಿಲ್ಲಿಸಿ ಕೇಳುತ್ತಿದ್ದರು. ಪಿಸುಮಾತು ಎಂಬುದು ಆ ಮನೆತನಕ್ಕೇ ಬಂದದ್ದಲ್ಲ.

ಇಂಥ ಗಂಟಲುಗಳ ನಡುವೆ ಹುಟ್ಟಿದ ಹೆಜ್ರೋನ್ ಮೊದಲು ಹೆಸರು ಮಾಡಿದ್ದು ಮಾತ್ರ ಕಾಲಿನಿಂದ. ರೈಲ್ವೆಯವರ ಫುಟ್‌ಬಾಲ್ ತಂಡದಲ್ಲಿ ಬಲಗಡೆಯ ಗೆರೆಗುಂಟ ಚೆಂಡು ತಳ್ಳಿಕೊಂಡು ಓಡುತ್ತಿದ್ದರು. ಹಿಂದಿನಿಂದ ಅವರಿಗೆ ಚೆಂಡು ಒದ್ದುಕೊಡುತ್ತಿದ್ದವನು ಮಂಗಳೂರಿನಿಂದ ಬಂದು ನೆಲೆಸಿದ ಎಡ್ಮಂಡ್ ಎಂಬ ಗುಮಾಸ್ತ. ಒಂದು ಪಂದ್ಯದಲ್ಲಿ ಹೆಜ್ರೋನರ ಮೊಣಕಾಲು ಮುರಿಯಿತು. ಅದು ಕೂಡಿಕೊಂಡಿತು, ಓಟ ಕೂಡಿಬರಲಿಲ್ಲ.

ರೇಡಿಯೊದವರು ಕೂತು ಆಟ ವಿವರಿಸುವ ಗೂಡಿಗೆ ಆ ಕಾಲದಲ್ಲಿ ಬಿಳಿಯರಿಗಷ್ಟೇ ಪ್ರವೇಶ. ಒಂದು ಶನಿವಾರ ವಿವರಣೆಗಾರ ಸಾಹೇಬ ಮಲೇರಿಯಾ ಹಿಡಿದು ಮಲಗಿದ. ಬೇರೆ ಗತಿಯಿಲ್ಲದೆ ಕುಂಟುಗಾಲಿನ ಹೆಜ್ರೋನರನ್ನು ಒಳಗೆ ಕೂರಿಸಿದರು. ಸಾಹೇಬ ಜ್ವರ ಬಿಟ್ಟು ಎದ್ದು ಬರುವಷ್ಟರಲ್ಲಿ ಜನ ಅವನನ್ನು ಮರೆತಿದ್ದರು. ಆ ಗೂಡಿನಲ್ಲಿ ಕೂತ ಮೊದಲ ಕರಿಯ ದನಿ ಮೂವತ್ತು ವರ್ಷಕ್ಕೂ ಮೀರಿ ಅಲ್ಲಿಂದ ಕದಲಲಿಲ್ಲ.

ಹೆಜ್ರೋನರದು ಒಂದೇ ಪದ್ಧತಿ. ಅವರು ಆಟಗಾರನ ಮುಖ ನೋಡುವವರಲ್ಲ, ಅಂಗಿಯ ಮೇಲಿನ ನಂಬರ್ ನೋಡುವವರೂ ಅಲ್ಲ. ಆಟಕ್ಕೆ ಮುಂಚೆ ಮೈದಾನಕ್ಕಿಳಿದು ಒಬ್ಬೊಬ್ಬನನ್ನೂ ತಮ್ಮೆದುರು ಓಡಿಸುತ್ತಿದ್ದರು. ಓಟದ ಚಹರೆ ಒಮ್ಮೆ ಕಣ್ಣಿಗೆ ಬಿತ್ತೆಂದರೆ ಮುಗಿಯಿತು, ಮೈದಾನದ ಯಾವ ಮೂಲೆಯಲ್ಲಿದ್ದರೂ ಅವನ ಹೆಸರು ನಾಲಿಗೆಯ ಮೇಲೆ.

ತಿಪಟೂರಿನ ವಿಠ್ಠಲ ಔಷಧ ಕಾರ್ಖಾನೆಯ ಇಂಜಿನಿಯರ್ ಆಗಿ ನೈರೋಬಿಗೆ ಬಂದಿಳಿದು ನ್ಗಾರಾ ಬಡಾವಣೆಯಲ್ಲಿ ಕೋಣೆ ಹಿಡಿದಾಗ ಅವನಿಗೆ ಸ್ವಾಹಿಲಿ ಕಲಿಸಿದ್ದು ಈ ದನಿಯೇ. ಭಾನುವಾರ ಭಾನುವಾರ ರೇಡಿಯೊಗೆ ಕಿವಿ ಅಂಟಿಸಿ ಕೂತು ಕಲಿತ. ಹಾಗಾಗಿ ಅವನ ಸ್ವಾಹಿಲಿಯೆಲ್ಲ ಫುಟ್‌ಬಾಲ್ ಸ್ವಾಹಿಲಿ. ಟೊಮೇಟೊ ಮಾರುವ ಹೆಂಗಸು ಬೆಲೆ ಇಳಿಸದಿದ್ದರೆ, "ಅಮ್ಮಾ, ರಕ್ಷಣೆ ಬಹಳ ಗಟ್ಟಿಯಾಗಿದೆ, ಬಲಗಡೆಯಿಂದ ನುಗ್ಗಲೇ?" ಎನ್ನುತ್ತಿದ್ದ. ಅವಳು ಹೊಟ್ಟೆ ಹಿಡಿದು ನಕ್ಕು ಎರಡು ಟೊಮೇಟೊ ಹೆಚ್ಚಿಗೆ ಹಾಕುತ್ತಿದ್ದಳು. ಕಾರ್ಖಾನೆಯಲ್ಲಿ ಬಾಯ್ಲರ್ ಕೈಕೊಟ್ಟರೆ ಅವನ ವರದಿ "ಗೋಲ್‌ಕೀಪರ್ ನೆಲ ಕಚ್ಚಿದ" ಎಂದೇ.

ಎರಡು ಸಾವಿರದ ಐದರಲ್ಲಿ ವಿಠ್ಠಲ ಕನ್ನಡ ಸಂಘದ ಕಾರ್ಯದರ್ಶಿಯಾದ. ರಾಜ್ಯೋತ್ಸವದ ಭಾನುವಾರ ಸಂಘದವರಿಗೂ ಮಂಗಳೂರು ಕ್ಯಾಥೊಲಿಕರಿಗೂ ಫುಟ್‌ಬಾಲ್ ನಡೆಯುವುದು ವಾಡಿಕೆ. ಆ ದಿನ ಹೆಜ್ರೋನರಿಗೆ ಸನ್ಮಾನ ಮಾಡಬೇಕೆಂದು ಅವನಿಗೆ ಆಸೆ ಹುಟ್ಟಿತು. ಎಡ್ಮಂಡನ ಮಗಳು ಫ್ಲಾವಿಯಾಳನ್ನು ಕರೆದುಕೊಂಡು ಹೆಜ್ರೋನರ ಮನೆಗೆ ಹೋದ.

ಹೋಗುವ ದಾರಿಯಲ್ಲಿ ಫ್ಲಾವಿಯಾ ಎಚ್ಚರಿಸಿದಳು: "ರೇಡಿಯೊ ವಿಷ್ಯ ಎತ್ಬೇಡಿ ವಿಠ್ಠಲಣ್ಣ. ಕಣ್ಣಿಗೆ ಪೊರೆ ಬಂದಿತ್ತಲ್ಲ, ಲಾಸ್ಟ್ ಮ್ಯಾಚಲ್ಲಿ ಗೋಲು ಹೊಡೆದವನ ಹೆಸರು ತಪ್ಪು ಹೇಳ್ಬಿಟ್ರು. ಸ್ಟೇಷನ್‌ನೋರು ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದ್ರು. ಅವತ್ತಿಂದ ಅಂಕಲ್ ರೇಡಿಯೊನೇ ಹಾಕಲ್ಲ."

ಮನೆಯಲ್ಲಿ ಮಾತೆಲ್ಲ ಸ್ವಾಹಿಲಿಯಲ್ಲಿ ನಡೆಯಿತು. ವಿಠ್ಠಲ ಹಿರಿಯರಿಗೆ ಅಲ್ಲಿನವರು ಹೇಳುವಂತೆ "ಮ್ಜೇ" ಎಂದೇ ಮಾತು ತೆಗೆದ. ಹೆಜ್ರೋನ್ ಅವನನ್ನು "ಫಂಡಿ" ಎಂದು ಕರೆದರು. ಇಂಜಿನಿಯರನನ್ನು ರಿಪೇರಿಯವನು ಎಂದು ಕರೆದು ಕೆಣಕುವುದು ಅವರಿಗೆ ಖುಷಿ.

"ಮೈಕು ಇರುತ್ತಾ ಫಂಡಿ?"

ವಿಠ್ಠಲ ತಡವರಿಸಿದ. "ಇರುತ್ತೆ ಮ್ಜೇ. ವಿವರಣೆಗೆ ನಮ್ಮ ದ್ವಾರಕಾನಾಥ್ ಅಂತ ಒಬ್ರು ಇದಾರೆ. ನೀವು ಆರಾಮಾಗಿ ಕೂತ್ಕೊಳ್ಳಿ. ಶಾಲು ಹೊದಿಸ್ತೀವಿ, ಪೇಟ ತೊಡಿಸ್ತೀವಿ."

"ಅಂದ್ರೆ ಬಾಯಿ ಮುಚ್ಕೊಂಡು ಕೂತಿರ್ಬೇಕು."

"ಹಾಗಲ್ಲ ಮ್ಜೇ."

"ಒಂದು ಕಣ್ಣಿಗೆ ಆಪರೇಷನ್ ಆಗಿದೆ. ಇನ್ನೊಂದು ಮಬ್ಬು. ಆದ್ರೆ ಓಡೋನು ಕಾಣ್ತಾನೆ ನಂಗೆ." ಇಷ್ಟು ಹೇಳಿ ಅವರು ಚಹಾ ಹೀರಿದರು. "ಸಾಯೋದ್ರೊಳಗೆ ಒಂದು ಆಟ ಹೇಳ್ಬೇಕು ಫಂಡಿ. ತಪ್ಪು ಹೆಸರಲ್ಲಿ ಮುಗಿದು ಹೋಗಿದೆ ನನ್ನ ಕೆಲ್ಸ."

 ವಿಠ್ಠಲ ಸಂಘದ ಅಧ್ಯಕ್ಷ ಉಮಾಶಂಕರರಿಗೆ ಫೋನ್ ಮಾಡಿ ಕೇಳಿಯೂ ನೋಡಿದ. "ಪಾಪ, ಕಣ್ಣು ಕಾಣದ ಮನುಷ್ಯನನ್ನ ನಗೆಪಾಟಲು ಮಾಡ್ಬೇಡ ಕಣಯ್ಯ. ಶಾಲು ಹೊದಿಸಿ ಚೆನ್ನಾಗಿ ಕಳ್ಸು," ಎಂದರು ಅವರು. ವಿಠ್ಠಲ ಶಾಲು, ಪೇಟ ಕೊಳ್ಳಲು ಹೊರಟ.

ಭಾನುವಾರ ಮಧ್ಯಾಹ್ನ ನ್ಗಾರಾದ ಶಾಲೆಯ ಮೈದಾನದಲ್ಲಿ ಕಾರುಗಳು ಸೇರಿದವು. ಹೆಂಗಸರು ಪುಳಿಯೋಗರೆಯ ಡಬ್ಬಿ ಇಳಿಸಿದರು, ಕ್ಯಾಥೊಲಿಕರ ಕಡೆಯಿಂದ ಸಣ್ಣ ಮೀನು ಹುರಿದ ವಾಸನೆ ತೇಲಿ ಬಂತು. ವಿಠ್ಠಲ ಹೆಜ್ರೋನರ ಹಳೆಯ ಫೋಟೋ ಒಂದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದ. ಕಪ್ಪು ಗುಂಗುರು ಕೂದಲು, ಕೈಯಲ್ಲಿ ಮೈಕು. ಅದನ್ನೂ ಚೆಂಡುಹೂವಿನ ಹಾರವನ್ನೂ ಮದುವೆಯಾಗಿ ಇದೇ ಊರಿಗೆ ಬಂದಿದ್ದ ತನ್ನ ತಂಗಿಯ ಮಗ ಅಭಯ್‌ಗೆ ಒಪ್ಪಿಸಿ ಮೈಕಿನವನ ಬಳಿ ಓಡಿದ.

ಅಭಯ್ ನೈರೋಬಿಯಲ್ಲೇ ಹುಟ್ಟಿ ಬೆಳೆದವನು, ಕಾಲೇಜಿನಲ್ಲಿ ಓದುತ್ತಿದ್ದ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಯಾರ ಫೋಟೋಗೆ ಎಂದು ಯೋಚಿಸಿದ. ನಡುಮನೆಯ ಗೋಡೆಯ ಮೇಲಿನ ಮುತ್ತಜ್ಜನ ಫೋಟೋಗೆ. ಅದಕ್ಕೆ ಯಾವಾಗಲೂ ಹಾರ. ಬಂದ ಅತಿಥಿಗೂ ಅಷ್ಟೇ ಮರ್ಯಾದೆ ಸಲ್ಲಲೆಂದು ಫೋಟೋವನ್ನು ಗೇಟಿನ ಪಕ್ಕ ಸ್ಟೂಲಿನ ಮೇಲೆ ನಿಲ್ಲಿಸಿ, ಹಾರ ಹಾಕಿ, ಯಾರೋ ತಂದಿಟ್ಟಿದ್ದ ದೀಪವನ್ನೂ ಮುಂದೆ ಹಚ್ಚಿದ. ಕನ್ನಡದ ಮಂದಿ ಬದುಕಿರುವವರ ಫೋಟೋಗೆ ಹೂವಿನ ಹಾರ ಹಾಕುವುದಿಲ್ಲವೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಊರಂಚಿನ ಕರೆನ್ ಬಡಾವಣೆಯಿಂದ ಕಾರು ಓಡಿಸಿಕೊಂಡು ಬಂದ ಉಮಾಶಂಕರ ಗೇಟಿನಲ್ಲೇ ಕಂಬದಂತೆ ನಿಂತರು. ಚಪ್ಪಲಿ ಬಿಟ್ಟು ಫೋಟೋಗೆ ಕೈಮುಗಿದರು. ಹಿಂದೆ ಬಂದವರೂ ಚಪ್ಪಲಿ ಬಿಟ್ಟರು. ಉಮಾಶಂಕರ ನೆಟ್ಟಗೆ ಮೈಕಿಗೆ ನಡೆದು, ಹೊಗಳಿಕೆ ಬರೆದು ತಂದಿದ್ದ ಚೀಟಿಯನ್ನು ಜೇಬಿಗಿಟ್ಟು, ತಗ್ಗಿದ ದನಿಯಲ್ಲಿ ಹೇಳಿದರು: "ನಮಗೆಲ್ಲ ಬೇಕಾದ ಒಂದು ದನಿ ಇವತ್ತು ನಮ್ಮ ಜೊತೆ ಇಲ್ಲ. ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ."

ಮೈದಾನವೆಲ್ಲ ಎದ್ದು ನಿಂತಿತು. ಅದೇ ತಾನೆ ಮಟಾಟು ಎಂಬ ಬಾಡಿಗೆ ವ್ಯಾನ್ ಇಳಿದು ಹಿಂಬದಿಯ ಸಣ್ಣ ಬಾಗಿಲಿನಿಂದ ಒಳಗೆ ಬಂದಿದ್ದ ಒಬ್ಬ ಬಿಳಿಗೂದಲ ಮುದುಕರೂ ಟೋಪಿ ತೆಗೆದು, ತಲೆ ತಗ್ಗಿಸಿ, ಎಲ್ಲರಿಗಿಂತ ಭಕ್ತಿಯಿಂದ ನಿಂತರು. ವಿಠ್ಠಲ ಬಿಸಿಲಿನಲ್ಲಿ ತಣ್ಣಗಾಗಿ ಹೋಗಿದ್ದ. ಬಾಯಿ ತೆರೆದರೆ ಮೌನ ಮುರಿಯುತ್ತದೆ, ತೆರೆಯದಿದ್ದರೆ ಮನುಷ್ಯ ಸತ್ತಂತೆ.

ನಿಮಿಷ ಕಳೆಯಿತು. ಮುದುಕರು ಪಕ್ಕದಲ್ಲಿದ್ದ ಫ್ಲಾವಿಯಾಳನ್ನು ಕೇಳಿದರು: "ಪಾಪ, ಯಾರಮ್ಮ ಹೋಗಿದ್ದು?"

"ನೀವೇ ಅಂಕಲ್."

 ಹೆಜ್ರೋನರಿಂದ ಹೊರಟ ನಗೆಗೆ ಮರದ ಮೇಲಿನ ಕಾಗೆಗಳು ಎದ್ದು ಹಾರಿದವು. ಆ ನಗೆ ಗೊತ್ತಿದ್ದ ಹಳಬರು "ಅಯ್ಯೋ, ಇದ್ದಾರೆ" ಎಂದು ಕೂಗಿದರು. ಉಮಾಶಂಕರ ಕೆಂಪಗಾಗಿ ವಿಠ್ಠಲನ ಕಡೆ ತಿರುಗಿದರು.

"ಏನಯ್ಯಾ ಇದು, ಮತ್ತೆ ಹಾರ ಯಾಕೆ ಹಾಕಿದೀಯ?"

"ನಾನಲ್ಲ ಸಾರ್, ನಮ್ಮ ಅಭಯ್."

"ಬಟ್ ಅಂಕಲ್, ಮುತ್ತಜ್ಜಂಗೂ ಹಾಕ್ತೀವಲ್ಲ?" ಎಂದ ಅಭಯ್, ಬೂಟಿನ ದಾರ ಕಟ್ಟುತ್ತ.

ಅಷ್ಟರಲ್ಲಿ ಹೆಜ್ರೋನ್ ಕುಂಟುತ್ತ ಮೈಕಿನ ಮುಂದೆ ಬಂದಿದ್ದರು. "ನಾನು ಸತ್ತಿದ್ದೀನಂತೆ. ಅಧ್ಯಕ್ಷರೇ ಹೇಳಿದ್ರು, ಇಲ್ಲ ಅನ್ನೋದಕ್ಕೆ ನಾನ್ಯಾರು? ಸತ್ತೋನಿಗೆ ಶಾಲು ಯಾಕೆ, ಚಳಿ ಆಗಲ್ಲ. ಕೊನೆ ಆಸೆ ಅಂತ ಒಂದಿರುತ್ತಲ್ಲ, ಅದನ್ನ ನಡೆಸಿಕೊಡಿ. ಈ ಆಟ ನಾನು ಹೇಳ್ತೀನಿ."

ಜನ ಚಪ್ಪಾಳೆ ತಟ್ಟಿದರು. ಉಮಾಶಂಕರರಿಗೆ ಬೇಡವೆನ್ನಲು ಮುಖವಿರಲಿಲ್ಲ. ದ್ವಾರಕಾನಾಥ್ ಸಂತೋಷದಿಂದಲೇ ಮೈಕು ಬಿಟ್ಟುಕೊಟ್ಟು ಪುಳಿಯೋಗರೆಯ ಕಡೆ ನಡೆದರು.

ಹೆಜ್ರೋನ್ ಇಪ್ಪತ್ತೆರಡು ಜನರನ್ನೂ ಒಬ್ಬೊಬ್ಬರಾಗಿ ಎದುರು ಓಡಿಸಿದರು. ಆಮೇಲೆ ಆಟ. ಅಭಯ್ ಚೆಂಡು ಹಿಡಿದು ಹೊರಟರೆ "ಒಲೆ ಮೇಲೆ ಹಾಲಿಟ್ಟು ಮರೆತವನ ಹಾಗೆ ಓಡ್ತಿದ್ದಾನೆ" ಎಂದರು. ಕ್ಯಾಥೊಲಿಕರ ಗೋಲ್‌ಕೀಪರ್ ಪ್ರಿಯನ್ "ಅತ್ತೆ ಮನೆಯಲ್ಲಿ ಊಟಕ್ಕೆ ಕೂತವನ ಹಾಗೆ, ಏನು ಬಂದರೂ ಬೇಡ ಅನ್ನಲ್ಲ, ಎಲ್ಲಾ ಹಿಡೀತಾನೆ." ಹೊಟ್ಟೆ ಬಂದ ಧನಂಜಯ "ಮೊದಲು ಹೊಟ್ಟೆ ತಲುಪಿತು, ಮನುಷ್ಯ ಹಿಂದೆ ಬರ್ತಿದ್ದಾನೆ." ಸ್ವಾಹಿಲಿ ತಿಳಿಯದವರಿಗೆ ತಿಳಿದವರು ಹೇಳಿ, ನಗೆ ಎರಡೆರಡು ಸಲ ಏಳುತ್ತಿತ್ತು. ಬೀದಿಯಲ್ಲಿ ಹೋಗುತ್ತಿದ್ದ ಜನ ಆ ದನಿ ಗುರುತಿಸಿ ಒಳಗೆ ಬಂದರು, ಬೇಲಿಯುದ್ದಕ್ಕೂ ತಲೆಗಳು. ವಿಠ್ಠಲನಿಗೆ ತಾನು ಮತ್ತೆ ಒಂಟಿ ಕೋಣೆಯಲ್ಲಿ ರೇಡಿಯೊ ಮುಂದೆ ಕೂತಂತಾಗಿ ಕಣ್ಣು ತುಂಬಿತು.

ಅರ್ಧ ಆಟ ಮುಗಿಯುತ್ತ ಬಂದಾಗ ಸಂಘದ ಕಡೆಯಿಂದ ಗೋಲು ಬಿತ್ತು. "ರಮೇಶ್, ರಮೇಶ್ ಹೊಡೆದ," ಎಂದು ಹೆಜ್ರೋನ್ ಕೂಗಿದರು.  ಹೊಡೆದವನು ಅಭಯ್. ಸ್ವಲ್ಪ ಹೊತ್ತಿನ ಕೆಳಗೆ ಕಾಲು ಉಳುಕಿ ಅವನು ಕುಂಟುತ್ತಿದ್ದ; ಓಟ ಬದಲಾಗಿತ್ತು, ಅದೇ ತಂಡದ ಇನ್ನೊಬ್ಬ ಆಟಗಾರ ರಮೇಶನ ಓಟದಂತೆ ಕಂಡಿತ್ತು.

 ಮತ್ತೆ ಅದೇ ತಪ್ಪು, ತಪ್ಪು ಹೆಸರು. ಹೆಜ್ರೋನ್ ಮೈಕನ್ನು ಎದೆಗೆ ಒತ್ತಿ ನಿಂತರು. ಬೇಲಿಯ ಕಡೆಯಿಂದ ಯಾರೋ "ಅಭಯ್, ಮ್ಜೇ" ಎಂದರು. ಅವರು ಮೈಕನ್ನು ನಿಧಾನವಾಗಿ ಬಾಯಿಗೆ ತಂದರು.

"ಗೋಲು ಅಭಯನದು, ತಪ್ಪು ನನ್ನದು. ಎರಡೂ ಚೆನ್ನಾಗಿದ್ವು, ಎರಡಕ್ಕೂ ಚಪ್ಪಾಳೆ ಬರಲಿ."

ಚಪ್ಪಾಳೆ ಬಿತ್ತು, ಗೋಲಿಗಿಂತ ಜೋರಾಗಿ. ಅರ್ಧ ಆಟ ಮುಗಿದ ಶೀಟಿ ಊದಿದರು. ವಿಠ್ಠಲ ಮೇಜಿನ ಬಳಿ ಓಡಿ ಬಂದು ಅವರ ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿದ: "ಮ್ಜೇ, ಇನ್ನು ಬಿಸಿಲು ನಿಮ್ಮ ಕಣ್ಣಿಗೇ ಹೊಡೆಯುತ್ತೆ. ನಾನಿಲ್ಲೇ ಇರ್ತೀನಿ, ಯಾರ ಕಾಲಲ್ಲಿ ಚೆಂಡಿದೆ ಅಂತ ಮೆಲ್ಲಗೆ ಹೇಳ್ತೀನಿ. ಯಾರಿಗೂ ಗೊತ್ತಾಗಲ್ಲ."

ಹೆಜ್ರೋನ್ ಅವನ ಭುಜದ ಮೇಲೆ ಕೈಯಿಟ್ಟು ಎಬ್ಬಿಸಿದರು.

"ಬೇಡ ಫಂಡಿ. ಸರಿ ಹೇಳಿದ್ರೂ ನಾನೇ ಹೇಳ್ಬೇಕು, ತಪ್ಪು ಹೇಳಿದ್ರೂ ನಾನೇ. ತಪ್ಪಿದ್ರೆ ತಿದ್ದೋಕೆ ಅಷ್ಟು ಜನ ಬೇಲಿ ಹತ್ರ ನಿಂತಿದ್ದಾರೆ, ಅವರ ಖುಷಿ ಯಾಕೆ ಕೀಳ್ತೀಯ? ಹೋಗು, ನಿಮ್ಮವರ ಜೊತೆ ನಿಂತ್ಕೊಂಡು ಕೂಗು. ಈ ಮೈಕಿಗೆ ಒಂದು ಬಾಯಿ ಸಾಕು."