ಬೀಗ ಹಾಕಿದ ಚಿಪ್

ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮುಬೀನಾಳ ರಿಪೇರಿ ಅಂಗಡಿ. ಗಂಡ ಆಫ್ತಾಬ ತೀರಿಕೊಂಡ ಮೇಲೆ ಅಲ್ಲಿಗೆ ಮಿಕ್ಸರ್, ಫ್ಯಾನು ಬರುತ್ತಿದ್ದವು. ಮಾತಿಗೆ ಯಾರೂ ಬರುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವರು. ಅವನಿದ್ದಾಗ ಊಟಕ್ಕೆ ಕೂತರೂ, ಯಂತ್ರಗಳನ್ನು ನಡೆಸುವ ೮೦೫೧ ಎಂಬ ಪುಟ್ಟ ಚಿಪ್‌ನದೇ ಸುದ್ದಿ.

"ಎಂಬತ್ತನೇ ಇಸವಿಯೊಳಗ ಇಂಟೆಲ್‌ನವ್ರು ತಂದ್ರು ನೋಡ. ಇದರ ಅಣ್ಣ ೮೦೪೮ ಅದಕ್ಕೂ ಹಳೇದು," ಎನ್ನುತ್ತಿದ್ದ ಆಫ್ತಾಬ. ಇಂಟೆಲ್ ಕೈಬಿಟ್ಟ ಮೇಲೂ ಬೇರೆ ಕಂಪನಿಗಳು ಆ ಮನೆತನದ ಚಿಪ್‌ಗಳನ್ನು ಮಾಡುತ್ತಲೇ ಇದ್ದವು. ಅಂಥದೊಂದನ್ನು ಹಾಕಿ ಅವನು ಹತ್ತಿರದ ಸೂಡಿ ಊರಿನ ಶಾಲೆಗೆ, ಹೊತ್ತಿಗೆ ಸರಿಯಾಗಿ ತಾನಾಗಿಯೇ ಬಡಿದುಕೊಳ್ಳುವ ಗಂಟೆ ಮಾಡಿಕೊಟ್ಟಿದ್ದ.

ಈ ಮಳೆಗಾಲದ ಸಿಡಿಲಿಗೆ ಆ ಗಂಟೆ ನಿಂತಿತು. ಮುಖ್ಯೋಪಾಧ್ಯಾಯಿನಿ ಶ್ವೇತಾ ಫೋನ್ ಮಾಡಿದರು. ಮುಬೀನಾ ಗಂಟೆ ನಡೆಸುವ ಚಿಪ್‌ ಇದ್ದ ಡಬ್ಬಿಯನ್ನು ಅಂಗಡಿಗೆ ತಂದು ಬಿಚ್ಚಿದಳು. ಚಿಪ್‌ನಲ್ಲಿ ಗಂಟೆಗೆ ಹೋಗುವ ಒಂದು ಕಾಲು, ಅಂದರೆ ಪಿನ್, ಮಾತ್ರ ಸತ್ತಿತ್ತು; ಪ್ರೋಗ್ರಾಂ ತುಸು ತಿದ್ದಿದರೆ ಬೇರೆ ಕಾಲಿನಿಂದ ನಡೆಸಬಹುದಿತ್ತು. ಆಫ್ತಾಬ ಬರೆದ ಪ್ರೋಗ್ರಾಂ ಒಳಗೆ ಹಾಗೇ ಇತ್ತು. ಆದರೆ ಯಾರೂ ನಕಲು ಮಾಡದಿರಲೆಂದು ಅವನು ಅದನ್ನು ಓದಲೂ ತಿದ್ದಲೂ ಆಗದಂತೆ ಬೀಗ ಹಾಕಿದ್ದ. ಬೀಗ ತೆಗೆಯಬೇಕೆಂದರೆ ಎಲ್ಲವನ್ನೂ ಅಳಿಸಬೇಕು. ಇನ್ನೊಂದು ಪ್ರತಿ ಇದ್ದ ಅವನ ಕಂಪ್ಯೂಟರ್ ಎಂದೋ ಕೆಟ್ಟುಹೋಗಿತ್ತು. ಮುಬೀನಾ ಆ ಚಿಪ್ ಅನ್ನು ಬಿಚ್ಚಿ ಎತ್ತಿಟ್ಟಳು. ಅಳಿಸಲು ಮನಸ್ಸಾಗಲಿಲ್ಲ.

"ಹೊಸಾ ಗಂಟೀನ ತರಸೋಣೇನ್ರಿ?" ಎಂದರು ಶ್ವೇತಾ, ಮರುದಿನ ಮುಬೀನಾ ಶಾಲೆಗೆ ಹೋದಾಗ.

"ಬ್ಯಾಡ್ರಿ ಮೇಡಂ, ಹೊಸಾ ಚಿಪ್ ತರಿಸಿ ನಾನ ಪ್ರೋಗ್ರಾಂ ಬರೀತೀನಿ. ಯಾವ ಹೊತ್ತಿಗೆ ಹ್ಯಾಂಗ ಬಡೀತಿತ್ತು, ಅದಷ್ಟ ಹೇಳ್ರಿ."

ಶ್ವೇತಾ ಅವರು ಹೊತ್ತು ಹೇಳಿದರು, ಬಡಿತ ನೆನಪಾಗಲಿಲ್ಲ. ಬಿಸಿಯೂಟ ಮಾಡುವ ಸಿದ್ದವ್ವ ಸೌಟು ಹಿಡಿದು ಬಂದಳು.

"ನನಗ ಗೊತ್ತೈತಿ ತಗೋರಿ. ಊಟದ್ದು ಹಿಂಗ," ಎಂದು ಪಾತ್ರೆಯ ಮುಚ್ಚಳದ ಮೇಲೆ ಬಡಿದಳು. "ಸಂಜಿ ಮನಿಗೆ ಬಿಡೂದು ಹಿಂಗ." ಟಣ್ ಟಣ್, ತುಸು ತಡೆದು, ಟಣ್ ಟಣ್ ಟಣ್.

ಕೆಲಸ ಮುಗಿಸಿ ಮನೆಗೆ ಬಂದಾಗ ಆಫ್ತಾಬ ಚಿಲಕ ಬಡಿಯುತ್ತಿದ್ದುದೇ ಹಾಗೆ. ಗಂಟೆಗೂ ಅದನ್ನೇ ಬರೆದಿದ್ದೇನೆಂದು ಅವನು ಮುಬೀನಾಳಿಗೆ ಹೇಳಿರಲೇ ಇಲ್ಲ.

"ಇನ್ನೊಮ್ಮೆ ಬಡೀರಿ, ಅವ್ವಾ," ಎಂದಳು.

ಸಿದ್ದವ್ವ ಮತ್ತೆ ಬಡಿದಳು.

ಹೊಸ ಚಿಪ್ ಬಂತು. ಮುಬೀನಾ ಬರೆದಳು, ತಪ್ಪಿತು, ತಿದ್ದಿದಳು. ಬೀಗ ಮಾತ್ರ ಹಾಕಲಿಲ್ಲ. ಡಬ್ಬಿಯನ್ನು ಮತ್ತೆ ಕೂಡಿಸಿದ ದಿನ ಸಂಜೆಯವರೆಗೂ ಶಾಲೆಯಲ್ಲೇ ಉಳಿದಳು. ಗಂಟೆ ಆಫ್ತಾಬನ ಬಡಿತವನ್ನೇ ಬಾರಿಸಿತು. ಮಕ್ಕಳು ಹೋ ಎಂದು ಓಡಿದರು, ಅಂಗಳ ಬರಿದಾಯಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಕಟ್ಟೆಯ ಮೇಲೆ ಒಬ್ಬಳೇ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಾತ್ರೆ ತೊಳೆದಿಟ್ಟ ಸಿದ್ದವ್ವ ಬಂದು ಪಕ್ಕದಲ್ಲಿ ಕೂತಳು.