‘ಆಯ್ತು’ ಅನ್ನೋ ಬಟನ್ನೂ ವಾಣಿ ಮೇಡಮ್ಮೋರ ಕೋಪವೂ

ನೆಟ್‌ವರ್ಕು ಸತ್ತೋದ್ರೂ ತಾನು ಸಾಯ್ದೆ ಇರೋ ಅಂಥ ಆಪ್ ಕಟ್ಟೋರು ಮೈಸೂರು ಸೀಮೇಲಿ ಯಾರಾದ್ರೂ ಇದ್ರೆ, ಅದು ನಮ್ಮ ವಾಣಿ ಮೇಡಮ್ಮೋರು. ಕಡಕೊಳದ ನಮ್ಮ ಲಿಫ್ಟ್ ಕಂಪ್ನೀಲಿ ಮೆಕ್ಯಾನಿಕ್‌ಗಳ ಫೋನಿಗೆಲ್ಲಾ ಆಪ್ ಮಾಡ್ಕೊಟ್ಟು, ಈ ತಿಂಗಳು ರಿಟೈರಾಗ್ತಾ ಅವ್ರೆ. ಬೇರೆಯೋರು ಅವರ ಓದು, ಪದವಿ ಎಲ್ಲಾ ಬರೀತಾರೆ. ಇಲ್ಲಿ ಬರೆಯೋದು ಅವರ ಕೋಪದ ವಿಚಾರ.

ಅವರು ಬಂದಾಗ ಇದ್ದ ಹಳೇ ಆಪು ಮಹಾ ನಾಜೂಕಿನ ಮಗು. ಲಿಫ್ಟಿನ ಕೆಳಗಿನ ನೆಲಮಾಳಿಗೆಗೆ ಇಳಿದ್ರೆ ಸಿಗ್ನಲ್ ಹೋಗೋದು, ಬರ್ದಿದ್ದೆಲ್ಲಾ ಅಳಿಸ್ಕೊಂಡು ಕೂತ್ಕೊಳ್ಳೋದು. ಮೇಲಿನೋರನ್ನ ಕೇಳಿದ್ರೆ, ‘ಮಹಡಿ ಹತ್ತಿ ಕಳಿಸ್ಲಿ’ ಅನ್ನೋರು. ಮೇಡಮ್ಮೋರಿಗೆ ಮೈ ಉರ್ದೋಯ್ತು. “ಲಿಫ್ಟ್ ಕೆಟ್ಟಿರೋ ಕಡೆ ಮಹಡಿ ಹತ್ತೋಕೆ ಅವ್ರೇನು ಕೋತಿಗಳೇನ್ರಿ?” ಅಂದ್ರು. ಅಂದು ಸುಮ್ನೆ ಕೂರ್ಲಿಲ್ಲ. ಅಗ್ರಹಾರದ ಬಟ್ಟೆ ಅಂಗಡಿ ನೆಲಮಾಳಿಗೇಲಿ ತಾವೇ ಗೋಣಿ ಹಾಸ್ಕೊಂಡು ಕೂತು, ನೆಟ್‌ವರ್ಕಿಲ್ದೆ ಫೋನು ಎಂಗೆ ಒದ್ದಾಡ್ತದೆ ಅಂತ ನೋಡುದ್ರು. ಅಲ್ಲಿದ್ದ ಹೆಗ್ಗಣ ಎಂಥದ್ದು ಅಂದ್ರೆ, ನಂಬರ್ ಪ್ಲೇಟ್ ಹಾಕಿ ನಂಜನಗೂಡು ರೋಡಿಗೆ ಬುಡಬೋದಿತ್ತು. ಮೇಡಮ್ಮೋರು ಕಣ್ಣು ಬಿಟ್ಟಿದ್ದು ನೋಡಿ ಅದೇ ಜಾಗ ಖಾಲಿ ಮಾಡ್ತು.

ಅವರು ಕಟ್ಟಿದ ಆಪು, ಎಲೆಅಡಿಕೆ ದವಡೇಲಿ ಒತ್ತರಿಸ್ಕೊಂಡಂಗೆ, ನಾವು ಒತ್ತಿದ್ದನ್ನೆಲ್ಲಾ ಒಳಗೇ ಇಟ್ಕೊಂಡಿರೋದು. ಆಚೆ ಬಂದು ಸಿಗ್ನಲ್ ಸಿಕ್ಕಿದ್ದೇ ತಡ, ಪಿಚಕ್ ಅಂತ ಆಫೀಸಿನ ಕಂಪ್ಯೂಟರಿಗೆ ಉಗಿಯೋದು. ಕೆಲಸ ಒಪ್ಕೊಂಡಾಗ ಒತ್ತೋಕೆ ‘ಒಪ್ದೆ’, ಮಾಡಿ ಮುಗಿಸ್ದಾಗ ಒತ್ತೋಕೆ ‘ಮುಗೀತು’ ಅಂತ ಎರಡು ಬಟನ್ ಇಟ್ಟಿದ್ರು. ಆಫೀಸಿನ ಮ್ಯಾನೇಜರ್ ಪ್ರಸಾದ್ ಸಾಹೇಬ್ರು, ಫೋನಲ್ಲಿ ಜಾಗ ಸಾಲ್ದು, ಚೆಂದವೂ ಕಾಣ್ದು ಅಂತ ಹಟ ಹಿಡಿದು ಎರಡನ್ನೂ ಕೀಳಿಸಿ, ‘ಆಯ್ತು’ ಅಂತ ಒಂದೇ ಮಾಡ್ಸುದ್ರು. ಬೇಡ ಅಂತ ಮೇಡಮ್ಮೋರು ಬಡ್ಕೊಂಡ್ರೂ ಕೇಳ್ಲಿಲ್ಲ.

ಕೃಷ್ಣಮೂರ್ತಿಪುರಂನಲ್ಲೊಂದು ಮದುವೆ ಛತ್ರ. ಲಿಫ್ಟಿನ ಬ್ರೇಕು ಸವೆದಿತ್ತು. ನಮ್ಮ ಮೆಕ್ಯಾನಿಕ್ ಬೀರೇಶ ನೆಲಮಾಳಿಗೆಗೆ ಇಳಿದು ನೋಡಿ, ‘ಸರಿ, ಮಾಡೋಣ’ ಅನ್ನೋ ಅರ್ಥದಲ್ಲಿ ‘ಆಯ್ತು’ ಒತ್ತಿ, ಹೊಸ ಬ್ರೇಕು ತರೋಕೆ ರೋಡಿಗೆ ಬಂದ. ಸಿಗ್ನಲ್ ಸಿಕ್ತು, ಫೋನು ಉಗೀತು. ಆಫೀಸಿನೋರು ಕೆಲಸ ಮುಗೀತು ಅಂದ್ಕೊಂಡು ಛತ್ರಕ್ಕೆ ಫೋನ್ ಮಾಡಿ, ‘ಲಿಫ್ಟ್ ಹಾಕ್ಕೊಳ್ಳಿ’ ಅಂದ್ಬುಟ್ರು. ಹತ್ತಿದೋರು ಮದುವೆ ಹೆಣ್ಣಿನ ಅಜ್ಜಿ ಪುಟ್ಟತಾಯಮ್ಮ. ಎರಡು ಮಹಡಿ ಮಧ್ಯ ಗಕ್ಕಂತ ನಿಂತೋಯ್ತು. ಮೇಲೆ ಧಾರೆ ಮುಗೀತು, ಅಜ್ಜಿ ಒಳಗೇ. ಅವರು ಬೈದ ಬೈಗುಳಕ್ಕೆ ಗಟ್ಟಿಮೇಳವೇ ಕೇಳ್ಲಿಲ್ಲ, ಅರಮನೆ ಪಾರಿವಾಳವೆಲ್ಲಾ ಎದ್ದು ಬೆಟ್ಟಕ್ಕೋದ್ವು. ಪುಣ್ಯಕ್ಕೆ ಏಟಾಗ್ಲಿಲ್ಲ. ಮೊಮ್ಮಗಳ ಧಾರೆ ಮಾತ್ರ ಕಣ್ಣಿಗೆ ಸಿಗ್ಲಿಲ್ಲ.

ಕಂಪ್ನಿಯೋರು ಯಾರ ತಲೆ ಹುಡುಕುದ್ರು? ಬೀರೇಶನ ತಲೆ. ಸುಳ್ಳು ಹೇಳ್ದ, ಕೆಲಸದಿಂದ ತೆಗೀರಿ ಅಂತ ಮೀಟಿಂಗ್ ಕರುದ್ರು. ಅವನನ್ನ ಬಾಗಿಲಾಚೆ ನಿಲ್ಸಿದ್ರು. ಮೇಡಮ್ಮೋರು ಒಳಗೆ ಮೀಟಿಂಗಲ್ಲೇ ಕೂತಿದ್ರು.

“ಆಗ್ದೇ ಇರೋದನ್ನ ಆಯ್ತು ಅಂತ ಒತ್ತಿದಾನೆ. ಸುಳ್ಳು ತಾನೆ ಮೇಡಂ?” ಅಂದ್ರು ಪ್ರಸಾದ್.

“ನಿಮ್ಮ ಮನೆಯೋರು, ಬರ್ತಾ ಸೊಪ್ಪು ತನ್ನಿ ಅಂದ್ರೆ ಏನಂತೀರಿ?”

“ಆಯ್ತು ಅಂತೀನಿ.”

“ಅಷ್ಟೊತ್ತಿಗೆ ಸೊಪ್ಪು ಬೆಂದಿರ್ತದಾ?”

ಧಣಿಗಳು ಗೋವಿಂದರಾಜು ಮೆಲ್ಲಗೆ, “ಹೋಗ್ಲಿ ಬಿಡಿ ಮೇಡಂ. ಒಬ್ಬ ಮೆಕ್ಯಾನಿಕ್ ವಿಚಾರಕ್ಕೆ ಯಾಕಿಷ್ಟು?” ಅಂದ್ರು.

“ಒಬ್ಬ ಅಂದ್ರೆ ಲೆಕ್ಕಕ್ಕಿಲ್ವಾ? ನಮ್ಮೂರಲ್ಲಿ ಹೇಳಿದ್ದಕ್ಕೆ ಆಯ್ತು ಅನ್ನೋದು ಮರ್ಯಾದೆ ಕಣ್ರೀ. ಆ ಮರ್ಯಾದೇನೇ ಹಗ್ಗ ಮಾಡಿ ಅವನ ಕುತ್ತಿಗೆಗೆ ಹಾಕ್ತಿದ್ದೀರಿ. ಫೋನು ಹೇಳಿದ್ದು ಸರಿಯಾಗೇ ತಲುಪಿಸ್ತು. ಬಟನ್ ಮೇಲೆ ನೀವಿಟ್ಟ ಮಾತು ಸರಿಯಿಲ್ಲ. ತೆಗೆಯೋದಾದ್ರೆ ಆ ಬಟನ್ ತೆಗೀರಿ. ಬೀರೇಶನ್ನೇ ತೆಗೀತೀವಿ ಅಂದ್ರೆ ಮೊದ್ಲು ನನ್ನ ಹೆಸರು ಬರ್ಕೊಳ್ಳಿ.”

ಆ ಶಾಖಕ್ಕೆ ರೂಮಿನ ಎ.ಸಿ. ಬೆವತು ನಿಂತೋಯ್ತು. ಆರೋಗಿದ್ದ ಟೀ ಲೋಟದಲ್ಲೇ ಮತ್ತೆ ಕುದೀತು ಅಂತಾರೆ ನೋಡ್ದೋರು. ಆ ಬಟನ್ ಹೋಯ್ತು, ಮೇಡಮ್ಮೋರ ಹಳೇ ಎರಡೂ ವಾಪಸ್ ಬಂದ್ವು, ಬೀರೇಶ ಉಳ್ಕೊಂಡ. ಆದ್ರೆ ಅವನಿಗೆ ‘ತಪ್ಪಾಯ್ತಪ್ಪ’ ಅಂತ ಒಬ್ಬನೇ ಒಬ್ಬ ಅಂದಿದ್ರೆ ಕೇಳಿ. ಮೇಲಾಗಿ, ಎರಡು ಬಟನ್ನಿನ ಹೊಸ ಉಪಾಯ ಮಾಡುದ್ರು ಅಂತ ಆ ವರ್ಷ ಶಾಲು ಹೊದಿಸಿದ್ದು ಪ್ರಸಾದ್‌ಗೆ. ನೆನೆಸ್ಕೊಂಡ್ರೆ ಈಗ್ಲೂ ನಮ್ಮ ಹಲ್ಲು ಕಟಕಟ ಅಂತದೆ.

ಈಗ ಬೀಳ್ಕೊಡುಗೆ ಕಾರ್ಡಲ್ಲಿ ‘ಶಾಂತಸ್ವಭಾವದ ಶ್ರೀಮತಿ ವಾಣಿ’ ಅಂತ ಅಚ್ಚು ಹಾಕ್ಸವ್ರೆ. ಯಾರಪ್ಪ ಅದು ಬರ್ದೋರು? ಅವತ್ತು ಅವರು ಶಾಂತವಾಗಿ ಕೂತಿದ್ರೆ ಬೀರೇಶನ ಮನೇಲಿ ಒಲೆ ಶಾಂತವಾಗಿರ್ತಿತ್ತು.

ಮೇಡಮ್ಮೋರಿಗೆ ತಾಯಿ ಚಾಮುಂಡಿ ನೂರು ತುಂಬಿಸ್ಲಿ. ಕೈಯಾಡೋವರೆಗೂ ಆಪ್ ಕಟ್ತಾ ಇರ್ಲಿ. ಡಾಕ್ಟ್ರು ಅವರ ಬಿ.ಪಿ. ಇಳಿಸ್ಲಿ, ಕೋಪದ ತಂಟೆಗೆ ಮಾತ್ರ ಹೋಗ್ದಿರ್ಲಿ. ಆ ಕೋಪ ಮೇಲೆ ಕಾವಲಿದೆ ಅನ್ನೋ ಧೈರ್ಯದಲ್ಲೇ ನಾವು ಲಿಫ್ಟಿನ ಕೆಳಗೆ ಇಳಿಯೋದು.